ಬೈಯೋ ಅಕ್ಕನನ್ನು ಅಳಿಸಿದ್ದು

ಜನ ಬಟ್ಟೆಯ ವಿಷಯದಲ್ಲಿ ಹೇಳುವಷ್ಟು ಸುಳ್ಳನ್ನು ಪೊಲೀಸರ ಮುಂದೆ ಕೂಡ ಹೇಳುವುದಿಲ್ಲ. ನಮ್ಮದು ಡ್ರೈಕ್ಲೀನಿಂಗ್ ಅಂಗಡಿ. ಅಪ್ಪ ಹಾಕಿದ್ದು, ಅಪ್ಪ ಹೋದ ಮೇಲೆ ಅಣ್ಣನ ಕೈಗೆ ಬಂದದ್ದು. ಮುಂದೆ ಕೌಂಟರಿನಲ್ಲಿ ಅತ್ತಿಗೆ, ಹಿಂದಿನ ಕೋಣೆಯಲ್ಲಿ ನಾನು. ಕಲೆ ತೆಗೆಯುವುದು ನನ್ನ ಕೆಲಸ. ಅಂಗೈಯಗಲ ಕಲೆಯಾದ ಕೋಟನ್ನು ಕೌಂಟರಿನ ಮೇಲೆ ಹರಡಿ, "ಏನೂ ಹಚ್ಚಿಲ್ಲ, ಹೇಗಿತ್ತೋ ಹಾಗೇ ತಂದಿದೀನಿ" ಎನ್ನುತ್ತಾರೆ. ಕಣ್ಣು ಕೂಡ ಮಿಟುಕಿಸುವುದಿಲ್ಲ. ಮೂಗಿನ ಹತ್ತಿರ ಹಿಡಿದರೆ ವಿನಿಗರ್, ಇಲ್ಲದಿದ್ದರೆ ನಿಂಬೆರಸ, ಟೂತ್‌ಪೇಸ್ಟ್, ಉಗುರುಬಣ್ಣ ಅಳಿಸುವ ನೀರು. ಒಬ್ಬ ಮಹಾನುಭಾವ ಕಕ್ಕಸು ತೊಳೆಯುವ ಆ್ಯಸಿಡ್ ಹಾಕಿ ಉಜ್ಜಿಕೊಂಡು ಬಂದಿದ್ದ. ಅದೂ ತನ್ನ ಮದುವೆಯ ಕೋಟಿಗೆ.

ಆದ್ದರಿಂದ ನಮ್ಮ ಕೆಲಸದಲ್ಲಿ ಮೊದಲು ಕೇಳುವುದು "ಇದೇನು ಕಲೆ?" ಎಂದಲ್ಲ. "ಮನೇಲಿ ಏನು ಹಚ್ಚಿದ್ರಿ?" ಎಂದು. ಅದಕ್ಕೆ ನಿಜವಾದ ಉತ್ತರ ಬರುವ ತನಕ ನಾನು ಯಾವ ಬಾಟಲಿಯ ಮುಚ್ಚಳವನ್ನೂ ತೆಗೆಯುವುದಿಲ್ಲ. ಒಂದರ ಮೇಲೆ ಒಂದು ಬಿದ್ದರೆ ಬಟ್ಟೆ ಸುಟ್ಟೀತು, ಕೈ ಸುಟ್ಟೀತು. ವಿನಿಗರ್ ಹಚ್ಚಿದ್ದರ ಮೇಲೆ ಬ್ಲೀಚ್ ಬಿದ್ದರಂತೂ ಏಳುವ ಗಾಳಿ ನೇರವಾಗಿ ಗಂಟಲನ್ನೇ ಹಿಡಿಯುತ್ತದೆ. ಹಾಗೆಯೇ ಆಗಿ ಒಂದು ಸಲ ಅಪ್ಪ ಬೀದಿಯಲ್ಲಿ ಕೂತು ಉಸಿರಿಗಾಗಿ ಒದ್ದಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆ ಮದುವೆ ಕೋಟಿನವನಿಂದಲೇ ಎಲ್ಲ ಶುರುವಾದದ್ದು. ಅವನು ಹೋದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ. ಆಗ ನನ್ನ ಹತ್ತಿರ ಸ್ವಂತ ಫೋನಿರಲಿಲ್ಲ. ಅಣ್ಣನ ಫೋನು ತೆಗೆದುಕೊಂಡು, ಎಲ್ಲರೂ ಹರಟುತ್ತಿದ್ದ ಆ ಆ್ಯಪಿನಲ್ಲಿ, ಅಣ್ಣನದೇ ನಂಬರಿನ ಮೇಲೆ ಒಂದು ಪುಟ ತೆರೆದು, ಕೋಟಿನ ಫೋಟೊ ಹಾಕಿ, ಬಾಯಿಗೆ ಬಂದ ಹಾಗೆ ಬೈದು ಬರೆದೆ. "ಅಯ್ಯೋ ಪುಣ್ಯಾತ್ಮ, ಕೋಟಿಗೂ ಕಕ್ಕಸಿಗೂ ವ್ಯತ್ಯಾಸ ಗೊತ್ತಿಲ್ಲದವನಿಗೆ ಹೆಣ್ಣು ಕೊಟ್ಟವರು ಯಾರಪ್ಪಾ?" ಎಂದು. ಮಾರನೆಯ ದಿನ ನೋಡಿದರೆ ಊರಿಗೆ ಊರೇ ಅಲ್ಲಿ ನಗುತ್ತಿತ್ತು. ಅದರ ಜೊತೆಗೆ ಪ್ರಶ್ನೆಗಳ ರಾಶಿ. ಅಕ್ಕ, ನನ್ನ ಸೋಫಾಗೆ ಇಂಕು ಬಿದ್ದಿದೆ. ಅಕ್ಕ, ಮಗುವಿನ ಯೂನಿಫಾರ್ಮಿಗೆ ರಕ್ತ ಆಗಿದೆ. ಅಕ್ಕ, ನಮಗೂ ಸ್ವಲ್ಪ ಬೈಯಿರಿ. ಪುಟಕ್ಕೆ "ಬೈಯೋ ಅಕ್ಕ" ಎಂಬ ಹೆಸರಿಟ್ಟವರು ಅವರೇ.

ನಾನು ಸುಳ್ಳು ಹೇಳುವವಳಲ್ಲ: ಆ ಜಾಗವನ್ನು ನಾನು ಹುಚ್ಚಿಯ ಹಾಗೆ ಪ್ರೀತಿಸಿದೆ. ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಹಬೆ, ಇಸ್ತ್ರಿಮೇಜು, ಗೋಡೆಯುದ್ದ ಬಾಟಲಿಗಳು, ಮುಖ ಕೊಟ್ಟು ಮಾತಾಡುವವರು ಒಬ್ಬರಿಲ್ಲ. ಅತ್ತಿಗೆ ಬಟ್ಟೆಯನ್ನು ಕಿಂಡಿಯಿಂದ ಒಳಗೆ ಎಸೆಯುತ್ತಿದ್ದಳು, ನಾನು ಅದೇ ಕಿಂಡಿಯಿಂದ ವಾಪಸ್ ಎಸೆಯುತ್ತಿದ್ದೆ. ನಮ್ಮಿಬ್ಬರಿಗೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಮಾತಿದ್ದ ಕಾಲದಲ್ಲಿ ಅವಳು ಗಿರಾಕಿಯನ್ನು ಏನೂ ಕೇಳದೆ ಬಟ್ಟೆ ತೆಗೆದುಕೊಳ್ಳುತ್ತಿದ್ದಳು, ನಾನು ಗಿರಾಕಿಗಳ ಎದುರಿಗೇ ಅವಳ ಬೆವರಿಳಿಸುತ್ತಿದ್ದೆ. ಅಂಥ ಕೋಣೆಯಲ್ಲಿ ಕೂತವಳಿಗೆ ಇದ್ದಕ್ಕಿದ್ದ ಹಾಗೆ ಅಷ್ಟು ಜನ. ಲಾರಿ ಓಡಿಸುವವನೊಬ್ಬ ಗ್ರೀಸ್ ಮೆತ್ತಿದ ತನ್ನ ಪ್ರತಿ ಅಂಗಿಯ ಫೋಟೊ ಕಳಿಸುತ್ತಿದ್ದ. ಅವಳಿ ಮಕ್ಕಳ ತಾಯಿಯೊಬ್ಬಳು ದಿನಕ್ಕೊಂದು ಅನಾಹುತದೊಂದಿಗೆ ಹಾಜರಾಗುತ್ತಿದ್ದಳು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಆಮೇಲೆ ಕೊಂಡ ನನ್ನದೇ ಫೋನು. ಇವತ್ತು ಯಾರ ಗ್ರಹಚಾರ ಬಿಡಿಸಲಿ ಎಂದು ಹುಡುಕುತ್ತಾ ಕೂರುವುದೇ ನನ್ನ ಹಬ್ಬ.

ಒಂದು ಪದ್ಧತಿ ಇಟ್ಟುಕೊಂಡಿದ್ದೆ. ಎಲ್ಲರೆದುರಿಗೆ ಯಾರೂ ನಿಜ ಹೇಳುವುದಿಲ್ಲವಲ್ಲ, ಅದಕ್ಕೆ ಪ್ರಶ್ನೆ ಕೇಳಿದವರನ್ನು ಮೊದಲು ಇನ್‌ಬಾಕ್ಸಿಗೆ ಎಳೆಯುತ್ತಿದ್ದೆ. ಅಲ್ಲಿ ಬಾಗಿಲು ಹಾಕಿ ಬಾಯಿ ಬಿಡಿಸುತ್ತಿದ್ದೆ. ಏನು ಹಚ್ಚಿದೆ, ಎಷ್ಟು ಹಚ್ಚಿದೆ, ಯಾರ ಮಾತು ಕೇಳಿ ಹಚ್ಚಿದೆ. ಎಲ್ಲ ಹೊರಗೆ ಬಂದ ಮೇಲೆ ಪುಟಕ್ಕೆ ವಾಪಸ್ ಬಂದು ಬೈಗುಳ ಮತ್ತು ಮದ್ದು ಎರಡನ್ನು ಮಾತ್ರ ಬರೆಯುತ್ತಿದ್ದೆ. ಅವರವರ ಮರ್ಯಾದೆ ಅವರವರಿಗೆ ಉಳಿಯುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಅಕ್ಕ ಫೋಟೊ ನೋಡಿದ ತಕ್ಷಣ ಉತ್ತರ ಹೇಳಿಬಿಡುತ್ತಾಳೆ ಅನ್ನಿಸುತ್ತಿತ್ತು. ಅನ್ನಿಸಲಿ ಬಿಡು ಎಂದು ಸುಮ್ಮನಿದ್ದೆ.

ಆಮೇಲೆ ಆ ಆ್ಯಪು ಕೈ ಬದಲಾಯಿತು. ಹೊಸ ಯಜಮಾನರು ಬಂದರು ಎಂದು ಎಲ್ಲರೂ ಹೇಳಿದರು. ಯಾರೋ, ನನಗೇನು ಗೊತ್ತು? ನನಗೆ ಗೊತ್ತಾದದ್ದು ಇಷ್ಟು: ನನ್ನ ಎರಡು ವಾಕ್ಯಗಳ ನಡುವೆ ಜಾಹೀರಾತು ಬಂತು. ಬ್ಲೀಚ್ ಬೇಡ ಎಂದು ಬರೆದರೆ ಅದರ ಕೆಳಗೇ ಬ್ಲೀಚ್ ಮಾರುವವನು ಹಲ್ಲು ಕಿರಿಯುತ್ತಿದ್ದ. ಮುಖವಿಲ್ಲದ, ಹೆಸರಿಲ್ಲದ ಯಾರ್ಯಾರೋ ಕಾಲು ಕೆರೆದು ಜಗಳಕ್ಕೆ ಬರತೊಡಗಿದರು. ಅವಳಿ ಮಕ್ಕಳ ತಾಯಿಗೆ ಒಬ್ಬ ಬರೆದದ್ದನ್ನು ನಾನು ಇಲ್ಲಿ ಬರೆಯಲಾರೆ. ಅವಳು ಆ ದಿನವೇ ಬಿಟ್ಟುಹೋದಳು. ದೂರು ಕೊಟ್ಟೆ. "ಪರಿಶೀಲಿಸಿದೆವು, ತಪ್ಪೇನೂ ಕಾಣಲಿಲ್ಲ" ಎಂದು ಉತ್ತರ ಬಂತು. ಗೋಡೆಗೆ ಹೇಳಿದ್ದರೆ ಅದಾದರೂ ನಾಚಿಕೊಳ್ಳುತ್ತಿತ್ತು.

ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ಇರುತ್ತಿದ್ದೆನೋ ಏನೋ. ಒಂದು ದಿನ ಉಣ್ಣೆ ಕೋಟಿಗೆ ಬ್ರಷ್ ಹಿಡಿದು ಕೂತಿದ್ದೆ, ಏಪ್ರನ್ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಯಾರೋ ನನಗೆ ಧನ್ಯವಾದ ಹೇಳಿದ್ದರು. ಯಾವುದಕ್ಕೆ ಎಂದು ತೆರೆದು ನೋಡಿದೆ. "ಅಯ್ಯೋ ಪುಣ್ಯಾತ್ಗಿತ್ತಿ, ಕಿಟಕಿ ಪರದೆಗೆ ತುಕ್ಕು ಹಿಡಿಯೋ ತನಕ ನಿದ್ದೆ ಮಾಡ್ತಿದ್ಯಾ? ನಿಂಬೆರಸ, ಉಪ್ಪು, ಬಿಸಿಲು. ನಡಿ, ಏಳು." ನನ್ನದೇ ಮಾತು, ನನ್ನದೇ ಧಾಟಿ. ನಾನು ಬರೆದದ್ದಲ್ಲ. ಕೆಳಗೆ ನೋಡಿದರೆ ಇನ್ನೊಂದು, ಮತ್ತೊಂದು. ಪ್ರಶ್ನೆ ಬಿದ್ದ ಕ್ಷಣದಲ್ಲೇ ಉತ್ತರ. ನನ್ನ ಮೈಯೆಲ್ಲ ಉರಿದುಹೋಯಿತು. ಬ್ರಷ್ ಅಲ್ಲೇ ಬಿಸಾಕಿ ಹೊರಗೆ ಬಂದೆ.

ಅಣ್ಣ ಕೌಂಟರಿನ ಹಿಂದೆ ಹ್ಯಾಂಗರುಗಳಿಗೆ ಚೀಟಿ ಚುಚ್ಚುತ್ತಿದ್ದ.

"ಏನಣ್ಣಾ ಇದು?"

"ಓ, ನೋಡಿದ್ಯಾ? ಆಟೋ ರಿಪ್ಲೈ. ಹೊಸದಾಗಿ ಕೊಟ್ಟಿದಾರೆ. ನಿನ್ನ ಹಳೇ ಉತ್ತರ ಎಲ್ಲಾ ಓದ್ಕೊಂಡು ಅದೇ ಬರೆಯುತ್ತೆ. ಥೇಟ್ ನಿನ್ನ ಹಾಗೇ ಬೈಯುತ್ತೆ ಕಣೇ, ನಾನೇ ಬಿದ್ದು ಬಿದ್ದು ನಕ್ಕೆ."

"ನನ್ನ ಕೇಳದೆ ಯಾಕೆ ಹಾಕಿದೆ?"

"ಬೇಗ ಉತ್ತರ ಕೊಡೋ ಪುಟಾನ ಮಾತ್ರ ಅವರು ಜನಕ್ಕೆ ತೋರಿಸೋದು. ನೀನು ಒಬ್ಬೊಬ್ಬರನ್ನೂ ಅರ್ಧ ದಿನ ಕೂರಿಸ್ಕೊಂಡು ಪಂಚಾಯ್ತಿ ಮಾಡ್ತೀಯ. ಹಾಗಾದ್ರೆ ಯಾರು ಬರ್ತಾರೆ? ಪುಟ ನೋಡ್ಕೊಂಡೇ ತಾನೆ ಜನ ಅಂಗಡಿಗೆ ಬರೋದು?"

"ಅದು ಬೈಯೋದನ್ನ ಕಲಿತಿದೆ. ಕೇಳೋದನ್ನ ಕಲಿತಿಲ್ಲ. ಮನೇಲಿ ಏನು ಹಚ್ಚಿದ್ದಾರೆ ಅಂತ ಕೇಳ್ದೇನೇ ಮದ್ದು ಹೇಳ್ತಿದೆ."

"ಕೇಳೋದು ಎಲ್ಲಿದೆ? ಪುಟ ಪೂರ್ತಿ ಹುಡುಕು, ನೀನು ಒಬ್ಬರನ್ನೂ ಕೇಳಿಲ್ಲ."

ಆಗ ನನಗೆ ಹೊಳೆಯಿತು. ಕೇಳಿದ್ದೆಲ್ಲ ಇನ್‌ಬಾಕ್ಸಿನಲ್ಲಿ. ಯಂತ್ರ ಓದಿದ್ದು ಪುಟವನ್ನು. ಜನರ ಮಾನ ಉಳಿಯಲಿ ಎಂದು ನಾನು ಬಾಗಿಲು ಹಾಕಿಕೊಂಡು ಕೇಳಿದ್ದು ಅದರ ಮಟ್ಟಿಗೆ ನಡೆದೇ ಇರಲಿಲ್ಲ. ಅದರ ಕಣ್ಣಿಗೆ ಬೈಯೋ ಅಕ್ಕ ಅಂದರೆ ಫೋಟೊ ನೋಡುವುದು, ಬೈಯುವುದು, ಬಾಟಲಿ ಎತ್ತುವುದು. ನಮ್ಮ ಕೆಲಸದಲ್ಲಿ ಹಾಗೆ ಮಾಡುವವರನ್ನು ಒಂದೇ ದಿನಕ್ಕೆ ಮನೆಗೆ ಕಳಿಸುತ್ತಾರೆ.

"ಅಣ್ಣ, ಅದನ್ನ ಆಫ್ ಮಾಡು. ಯಾರಿಗಾದ್ರೂ ಏನಾದ್ರೂ ಆಗುತ್ತೆ."

"ಏನೂ ಆಗಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಅವರೇ ಬರೆದಿದಾರೆ, ನಾವು ಜವಾಬ್ದಾರರಲ್ಲ ಅಂತ."

ಅತ್ತಿಗೆ ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದಳು. ತುಟಿಯ ಕೊನೆಯಲ್ಲಿ ನಗು ಇತ್ತು. ಅದನ್ನು ಕಂಡು ನನಗೆ ಇನ್ನೂ ಉರಿಯಿತು.

ಕೊನೆಗೆ ನಾನು ಹೆದರಿದ್ದೇ ಆಯಿತು. ಟೀಚರೊಬ್ಬರು ಬಿಳಿ ಹತ್ತಿಯ ಮೇಜುಹೊದಿಕೆಗೆ ಚಹಾ ಚೆಲ್ಲಿಕೊಂಡಿದ್ದರು. ಪುಟದಲ್ಲಿ ಕೇಳಿದರು. ಬೈಯೋ ಅಕ್ಕ ಚೆನ್ನಾಗಿ ಉಗಿದು, ಬ್ಲೀಚ್ ಹಾಕಿ ನೆನೆಸು ಎಂದಳು. ಬಿಳಿ ಹತ್ತಿಗೆ, ಬರೀ ಚಹಾಕ್ಕೆ, ಆ ಮದ್ದು ಸರಿಯೇ. ಆದರೆ ಟೀಚರ್ ಅದಕ್ಕೆ ಮುಂಚೆ ಅರ್ಧ ಬಾಟಲಿ ವಿನಿಗರ್ ಸುರಿದು ಬಕೆಟ್ಟಿನಲ್ಲಿ ನೆನೆಹಾಕಿದ್ದರು. ಎಲ್ಲರೂ ಹಾಗೆಯೇ ಮಾಡುವುದು. ಬಚ್ಚಲುಮನೆಯ ಬಾಗಿಲು ಮುಚ್ಚಿಕೊಂಡು ಅದೇ ಬಕೆಟ್ಟಿಗೆ ಬ್ಲೀಚ್ ಸುರಿದರು. ಆಸ್ಪತ್ರೆಯಿಂದ ಅವರ ಗಂಡ ಪುಟದಲ್ಲಿ ಬರೆದ: "ನಿನ್ನ ಮಾತು ಕೇಳಿ ನನ್ನ ಹೆಂಡತಿ ಆಕ್ಸಿಜನ್ ಹಾಕ್ಕೊಂಡು ಮಲಗಿದಾಳೆ. ನಿನಗೆ ಒಳ್ಳೇದಾಗಲ್ಲ."

ಅದರ ಕೆಳಗೆ, ಅದೇ ಕ್ಷಣದಲ್ಲಿ, ನನ್ನ ಹೆಸರಿನಲ್ಲಿ ಉತ್ತರ ಬಂದಿತ್ತು: "ಅಯ್ಯೋ ಪುಣ್ಯಾತ್ಮ, ಅಳ್ತಾ ಕೂತ್ರೆ ಕಲೆ ಹೋಗುತ್ತಾ?"

ನಾನು ಇನ್‌ಬಾಕ್ಸಿನಲ್ಲಿ ಅವನಿಗೆ ಬರೆದೆ, ಕಾಲಿಗೆ ಬೀಳುವುದೊಂದು ಬಾಕಿ. ಅವನು ಓದಿದ, ಉತ್ತರ ಕೊಡಲಿಲ್ಲ. ಪುಟಕ್ಕೆ ವಾಪಸ್ ಬಂದರೆ ಅವನ ಮಾತೇ ಮಾಯ. ಅಣ್ಣ ಅಳಿಸಿಬಿಟ್ಟಿದ್ದ.

"ಅಳಿಸ್ದೇ ಏನು ಮಾಡ್ಲಿ? ಅಂಗಡಿ ಹೆಸರು ಕೆಡುತ್ತೆ. ಅವರು ವಿನಿಗರ್ ಹಾಕಿದ್ದನ್ನ ಹೇಳ್ಬೇಕಿತ್ತು."

"ಯಾರೂ ಹೇಳಲ್ಲ ಅಣ್ಣ! ಹೇಳಲ್ಲ ಅಂತಾನೇ ನಾವು ಕೇಳೋದು! ಅಪ್ಪ ಬೀದೀಲಿ ಕೂತು ಕೆಮ್ಮಿದ್ದು ನಿನಗೆ ಮರೆತೇಹೋಯ್ತಾ?"

"ಅಪ್ಪನ್ನ ಯಾಕೆ ಎಳೀತೀಯ ಮಧ್ಯ?"

"ಆಫ್ ಮಾಡ್ತೀಯೋ ಇಲ್ವೋ?"

"ಇಲ್ಲ. ಪುಟ ನನ್ನ ನಂಬರಲ್ಲಿದೆ. ನೀನು ಇಲ್ಲಿ ಕೆಲಸಕ್ಕಿರೋಳು, ಕೆಲಸ ನೋಡ್ಕೋ."

ಒಡಹುಟ್ಟಿದವನು ಎದುರಿಗೆ ನಿಂತು ಈ ಮಾತು ಹೇಳಿದ. ಏಪ್ರನ್ ಬಿಚ್ಚಿ ಕೌಂಟರಿನ ಮೇಲೆ ಹಾಕಿದೆ. ಬಾಯಿ ತೆರೆದರೆ ಅಳು ಬರುತ್ತಿತ್ತು. ಇವರಿಬ್ಬರ ಎದುರಿಗೆ ಅಳಬಾರದು ಎಂದು ಹೊರಗೆ ನಡೆದೆ.

ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು. ಮಂಚದಷ್ಟು ದೊಡ್ಡ ಯಂತ್ರಗಳು, ಹಾಸಿಗೆಹೊದಿಕೆಗಳ ಗುಡ್ಡ, ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಅಲ್ಲಿನ ಕಲೆಗಳಲ್ಲಿ ಸುಳ್ಳಿಲ್ಲ. ರಕ್ತ ಅಂದರೆ ರಕ್ತ, ಅಯೋಡಿನ್ ಅಂದರೆ ಅಯೋಡಿನ್. ಯಾರೂ ಮನೆಯಲ್ಲಿ ಏನೂ ಹಚ್ಚಿ ತರುವುದಿಲ್ಲ. ನನಗೆ ಅಲ್ಲಿ ಕೇಳುವುದಕ್ಕೆ ಏನೂ ಇರಲಿಲ್ಲ, ಅದೇ ನನ್ನ ಪಾಲಿಗೆ ದೊಡ್ಡ ಶಿಕ್ಷೆ.

ಊಟದ ಬಿಡುವಿನಲ್ಲಿ ಹೊಸ ಜಾಗವೊಂದರಲ್ಲಿ, ಹಳೆಯದರ ಕಾಟ ತಾಳಲಾರದೆ ಓಡಿಬಂದವರೇ ಕಟ್ಟಿಕೊಂಡಿದ್ದ ಇನ್ನೊಂದು ಆ್ಯಪಿನಲ್ಲಿ, ನನ್ನದೇ ನಂಬರಿನ ಮೇಲೆ ಹೊಸ ಪುಟ ತೆರೆದೆ. ಹೆಸರು ಅದೇ, ಬೈಯೋ ಅಕ್ಕ. ಜಾಹೀರಾತಿಲ್ಲ, ಯಂತ್ರವಿಲ್ಲ. ಜನರೂ ಇಲ್ಲ. ಇದ್ದ ನಾಲ್ಕು ಮಂದಿ ಆಸ್ಪತ್ರೆಯಲ್ಲಿ ರೋಗಿ ನೋಡಲು ಬಂದವರ ಹಾಗೆ ಪಿಸುಮಾತಾಡುತ್ತಿದ್ದರು. ನಾನು ಬಂದ ಮೊದಲ ದಿನವೇ ಒಬ್ಬ ಸಂಭಾವಿತ ಬಂದು, "ಇಲ್ಲಿ ನಾವು ಪರಸ್ಪರ ಮೃದುವಾಗಿ ಮಾತನಾಡುತ್ತೇವೆ, ದಯವಿಟ್ಟು ಹೆಸರಿನಿಂದ 'ಬೈಯೋ' ತೆಗೆಯಬಹುದೇ?" ಎಂದು ಕೇಳಿದ. ತೆಗೆದರೆ ಉಳಿಯುವುದೇನು, ಬರೀ ಅಕ್ಕ. ಅಂಥವರು ಬೀದಿಗೊಬ್ಬರಿದ್ದಾರೆ. ಅವನಿಗೆ ಮೃದುವಾಗಿಯೇ ಉಗಿದೆ.

ಹಳೆಯವರನ್ನು ಕರೆಯುವುದು ಹೇಗೆ? ಅಣ್ಣ ನನ್ನನ್ನು ಹಳೆಯ ಪುಟದಿಂದ ತೆಗೆದುಹಾಕಿದ್ದ. ಒಂದಿಬ್ಬರಿಗೆ ಸುದ್ದಿ ಮುಟ್ಟಿಸಿದೆ. ಅವರು ಹತ್ತು ಜನಕ್ಕೆ ಹೇಳಿದರು. ಹತ್ತು ಜನ ಬಂದರು, ಖುಷಿಯಿಂದ ಬಾಗಿಲಿಗೆ ಓಡಿದೆ ಅಂದುಕೊಳ್ಳಿ. ಬಂದವರು ಒಳಗೆ ಕಾಲಿಡುವ ಮುಂಚೆಯೇ ಬೈಯಲು ಶುರುಮಾಡಿದರು.

"ನಾಚಿಕೆ ಆಗಲ್ವಾ? ನಮ್ಮ ಅಕ್ಕನ ಹೆಸರಿಟ್ಕೊಂಡು ಅನ್ನ ತಿಂತೀಯಾ?" ಇದನ್ನು ಬರೆದವನು ಲಾರಿಯವನು. ಅವನ ಎಷ್ಟು ಅಂಗಿಗಳ ಗ್ರೀಸನ್ನು ನಾನು ಬಿಡಿಸಿದ್ದೇನೋ ಲೆಕ್ಕವಿಲ್ಲ.

"ನಾನೇ ಕಣಪ್ಪಾ ಅವಳು," ಎಂದೆ.

"ಅವಳು ಅಲ್ಲೇ ಇದಾಳೆ. ಇವತ್ತು ಬೆಳಿಗ್ಗೆ ನನಗೆ ಬೈದಿದಾಳೆ. ನೀನು ಯಾರು?"

ಅವನಿಗೆ ಬೆಳಿಗ್ಗೆ ಬೈದದ್ದು ನನ್ನ ನಾಲಿಗೆಯೇ, ನಾನಲ್ಲ. ಅವನಿಗೆ ಅಷ್ಟೇ ಸಾಕಾಗಿತ್ತು. ನಿಜ ಹೇಳಬೇಕೆಂದರೆ ಅದು ನನಗಿಂತ ಚೆನ್ನಾಗಿಯೇ ಬೈಯುತ್ತಿತ್ತು. ಅದಕ್ಕೆ ತಲೆನೋವಿಲ್ಲ, ಕಾಲುಸೆಳೆತವಿಲ್ಲ, ಒಳಗೊಳಗೇ ಅಳು ಇಲ್ಲ.

ಮರ್ಯಾದೆಯನ್ನು ಬದಿಗಿಟ್ಟೆ. ಯಾರೋ ಅನಾಮಿಕಳ ಹಾಗೆ ಹಳೆಯ ಜಾಗಕ್ಕೆ ವಾಪಸ್ ಹೋಗಿ, ಯಂತ್ರ ಕೊಟ್ಟ ಪ್ರತಿ ಉತ್ತರದ ಕೆಳಗೆ ಕೂತು ಬರೆಯತೊಡಗಿದೆ: ತಡೀರಿ, ಮನೇಲಿ ಮೊದಲು ಏನು ಹಚ್ಚಿದ್ರಿ ಅಂತ ಹೇಳಿ. ತಡೀರಿ, ಬ್ಲೀಚ್ ಮುಟ್ಟಬೇಡಿ, ಏನು ಹಚ್ಚಿದ್ರಿ? ಯಂತ್ರಗಳ ಸದ್ದಿನಲ್ಲಿ, ಒದ್ದೆ ಕೈ ಒರೆಸಿಕೊಂಡು, ಸಿಕ್ಕ ಸಿಕ್ಕ ಬಿಡುವಿನಲ್ಲಿ ಬರೆದೆ. ಮೇಲ್ವಿಚಾರಕಿ ಎರಡು ಸಲ ಕರೆದು ಗದರಿದಳು. ಕೆಲವರು ಉತ್ತರ ಕೊಟ್ಟರು. ಒಬ್ಬಳು ಅಮೋನಿಯಾ ಹಚ್ಚಿದ್ದಳು, ಬ್ಲೀಚ್ ಸೇರಿದರೆ ಅದೂ ವಿಷಗಾಳಿಯೇ, ಅವಳನ್ನು ಸಾವಿನ ಬಾಗಿಲಿನಿಂದ ಹಿಂದಕ್ಕೆ ಎಳೆದ ಹಾಗಾಯಿತು. ಹೆಚ್ಚಿನವರು ಬೈದರು. "ಅಕ್ಕ ಹೇಳಿದ ಮೇಲೆ ನಿನ್ನದೇನು ಮಧ್ಯ ಮೂಗು ತೂರಿಸೋದು?" ಎಂದರು. ಅಕ್ಕನ ಹೆಸರಿಟ್ಟುಕೊಂಡ ನಕಲಿ ಇವಳೇ ಎಂದು ಅವರೆಲ್ಲ ಸೇರಿ ದೂರು ಕೊಟ್ಟರು. ಒಂದು ವಾರವೂ ಕಳೆಯಲಿಲ್ಲ, ಆ್ಯಪಿನಿಂದ ನೋಟಿಸು ಬಂತು: ನೀವು ಬೇರೊಬ್ಬರಂತೆ ನಟಿಸುತ್ತಿದ್ದೀರಿ, ನಿಮ್ಮ ಖಾತೆಯನ್ನು ಮುಚ್ಚಲಾಗಿದೆ. ಅವಳಿ ಮಕ್ಕಳ ತಾಯಿಗೆ ಕೊಚ್ಚೆ ಎರಚಿದವನ ಖಾತೆ ಇನ್ನೂ ಹಾಗೆಯೇ ಇತ್ತು. ನನ್ನ ಖಾತೆ ಹೋಯಿತು.

ಆ ಜಾಗಕ್ಕೆ ಎಳ್ಳುನೀರು ಬಿಟ್ಟು ನನ್ನ ಪಾಡಿಗೆ ಇರಬಹುದಿತ್ತು. ಅಲ್ಲಿ ಯಾರದೋ ಹೆಸರಿದ್ದಿದ್ದರೆ ಇರುತ್ತಿದ್ದೆ. ಹೆಸರು ನನ್ನದಾಗಿತ್ತು. ಇನ್ನೊಬ್ಬ ಟೀಚರ್ ಯಾವತ್ತು ಬಕೆಟ್ಟಿನ ಮೇಲೆ ಬಗ್ಗುತ್ತಾಳೋ ಎಂಬ ಹೆದರಿಕೆಯಲ್ಲಿ ಊಟದ ಡಬ್ಬಿ ಬದಿಗಿಟ್ಟು ಮತ್ತೆ ಮತ್ತೆ ಆ ಪುಟವನ್ನೇ ತೆರೆದು ನೋಡುತ್ತಿದ್ದೆ.

ಹೊದಿಕೆಗಳನ್ನು ಯಂತ್ರದಿಂದ ಹೊರಗೆಳೆಯುತ್ತಿದ್ದೆ. ಯಾರೋ ಬಂದು ಹಿಂದೆ ನಿಂತ ಹಾಗಾಯಿತು. ತಿರುಗಿದರೆ ಅತ್ತಿಗೆ. ಅದೇ ಗಂಟುಮುಖ, ಕೈಯಲ್ಲಿ ಅಣ್ಣನ ಫೋನು.

"ನೀವು? ಇಲ್ಲಿ?" ಎಂದೆ.

"ನಿಮ್ಮಣ್ಣನಿಗೆ ದವಡೆ ಹಲ್ಲು ನೋವು. ಇದೇ ಆಸ್ಪತ್ರೇಲಿ, ಮೇಲೆ ಹಲ್ಲಿನ ಡಾಕ್ಟರ ಕುರ್ಚೀಲಿ ಬಾಯಿ ತೆರ್ಕೊಂಡು ಮಲಗಿದಾರೆ. ಇನ್ನೂ ಸ್ವಲ್ಪ ಹೊತ್ತು ಏಳೋ ಹಾಗಿಲ್ಲ. ಫೋನು ನನ್ನ ಕೈಗೆ ಕೊಟ್ಟು ಹೋದ್ರು." ಅವಳು ಫೋನನ್ನು ಮುಂದೆ ಚಾಚಿದಳು. "ಏನು ಮಾಡ್ಕೋಬೇಕೋ ಮಾಡ್ಕೋ. ಬೇಗ."

ನಾನು ಅವಳ ಮುಖವನ್ನೇ ನೋಡಿದೆ. ಇದರಲ್ಲಿ ಏನೋ ಕುತಂತ್ರ ಇದೆ ಅನ್ನಿಸಿತು.

"ಯಾಕೆ ಹಾಗೆ ನೋಡ್ತೀಯ? ನಿನ್ನ ಮೇಲೆ ಪ್ರೀತಿ ಉಕ್ಕಿ ಬಂದಿದೆ ಅಂದ್ಕೊಂಡ್ಯಾ? ಆ ಮೇಜುಹೊದಿಕೆ ಟೀಚರ್ ಅಂಗಡಿಗೆ ಬಂದಿದ್ಲು. ಮಾತಾಡೋಕೆ ಆಗಲ್ಲ, ಎರಡು ಮಾತಿಗೆ ಒಂದು ಸಲ ಕೆಮ್ಮು. 'ಬೈಯೋ ಅಕ್ಕ ನೀವೇನಾ?' ಅಂತ ನನ್ನನ್ನ ಕೇಳಿದ್ಲು. ಗಿರಾಕಿಗಳೆಲ್ಲಾ ನೋಡ್ತಿದ್ರು. ನಿನ್ನ ಹೆಸರಿಗೆ ಬೀಳೋ ಶಾಪಾನ ನಾನ್ಯಾಕೆ ತಿನ್ಲಿ?"

"ಏನಂದ್ರಿ ಅವರಿಗೆ?"

"ನಾನಲ್ಲ, ನಮ್ಮ ನಾದಿನಿ ಅಂದೆ. ಅವಳು ಬಿಟ್ಟುಹೋಗಿದಾಳೆ ಅಂದೆ. 'ಹಾಗಾದ್ರೆ ನಿನ್ನೆ ನನಗೆ ಬೈದೋರು ಯಾರು?' ಅಂದ್ಲು. ಅಂದ್ರೆ ನೋಡು, ಇನ್ನೂ ಅಲ್ಲೇ ಹೋಗಿ ಕೇಳ್ತಿದಾಳೆ. ಆಸ್ಪತ್ರೆ ಸೇರಿ ಬಂದ ಮೇಲೂ!" ಅತ್ತಿಗೆಯ ದನಿ ಒಂದು ಕ್ಷಣ ಸಡಿಲವಾಯಿತು. ಆಮೇಲೆ ಮತ್ತೆ ಮೊದಲಿನ ಹಾಗೇ, "ನಿಂತ್ಕೋಬೇಡ. ಹಲ್ಲು ಕೀಳೋಕೆ ಎಷ್ಟು ಹೊತ್ತು ಬೇಕು?" ಎಂದಳು.

ಫೋನು ತೆಗೆದುಕೊಂಡೆ. ಆಟೋ ರಿಪ್ಲೈ ಆಫ್ ಮಾಡುವುದು ಎಲ್ಲಿದೆ ಎಂದು ಹುಡುಕಿದೆ, ಸಿಕ್ಕಿತು. ಬೆರಳಿಡುವ ಮುಂಚೆ ಅತ್ತಿಗೆ ಅಂದಳು: "ಅದನ್ನ ಮಾಡಿ ಏನು ಪ್ರಯೋಜನ? ಸಂಜೆ ಮರಗಟ್ಟಿಸೋ ಇಂಜೆಕ್ಷನ್ ಇಳಿದ ತಕ್ಷಣ ಮತ್ತೆ ಆನ್ ಮಾಡ್ತಾರೆ. ನಿಮ್ಮಣ್ಣ ನಿನಗೆ ಗೊತ್ತಿಲ್ವಾ?"

ಪುಟವನ್ನು ನನ್ನ ಹೆಸರಿಗೆ ಮಾಡಿಕೊಳ್ಳಲು ನೋಡಿದೆ. ಅದಕ್ಕೆ ಅಣ್ಣನ ಒಪ್ಪಿಗೆಗಾಗಿ ಕೆಲವು ದಿನ ಕಾಯಬೇಕಂತೆ, ಅವನು ಮನಸ್ಸು ಬದಲಾಯಿಸಲು ಅಷ್ಟು ಸಮಯ ಕೊಡುತ್ತಾರಂತೆ. ಉಳಿದದ್ದು ಒಂದೇ ದಾರಿ. ಕೆಂಪು ಅಕ್ಷರದಲ್ಲಿ ಬರೆದಿತ್ತು: ಪುಟವನ್ನು ಶಾಶ್ವತವಾಗಿ ಅಳಿಸಿ. ಮತ್ತೆ ಮರಳಿ ಪಡೆಯಲಾಗುವುದಿಲ್ಲ.

ಪುಟವನ್ನು ಮೇಲೆ ಕೆಳಗೆ ಸರಿಸಿದೆ. ಲಾರಿಯವನ ಅಂಗಿಗಳು. ಅವಳಿಗಳ ಯೂನಿಫಾರ್ಮುಗಳು, ವರ್ಷ ವರ್ಷಕ್ಕೂ ಒಂದೊಂದು ಅಳತೆ ದೊಡ್ಡದಾಗುತ್ತಾ ಬಂದದ್ದು. ಸತ್ತ ಗಂಡನ ಸ್ವೆಟರಿನ ಕಲೆಯನ್ನು ತೆಗೆಯಲೋ ಬೇಡವೋ ಎಂದು ಕೇಳಿದ ಹೆಂಗಸಿಗೆ, ನನ್ನ ಜನ್ಮದಲ್ಲಿ ಒಂದೇ ಒಂದು ಸಲ, ಬೈಯದೆ ಬರೆದ ಉತ್ತರ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ನನಗಿದ್ದ ಕಿಟಕಿ ಇದೊಂದೇ. ಇಷ್ಟು ಜನ ಇನ್ನು ನನಗೆ ಸಿಗುವುದಿಲ್ಲ ಎಂದು ಗೊತ್ತಿತ್ತು. ಅವರಲ್ಲಿ ಒಬ್ಬರೂ ಹೊಸ ಜಾಗಕ್ಕೆ ನನ್ನನ್ನು ಹುಡುಕಿ ಬರುವುದಿಲ್ಲ, ಬಂದರೂ ನಂಬುವುದಿಲ್ಲ.

ನಾನು ನೋಡುತ್ತಿದ್ದ ಹಾಗೆಯೇ ಹೊಸ ಪ್ರಶ್ನೆಯೊಂದು ಬಂದು ಬಿತ್ತು. ಯಾರೋ ಒಬ್ಬಳು ಮಗುವಿನ ತೊಟ್ಟಿಲಿನ ಬಟ್ಟೆಯ ಫೋಟೊ ಹಾಕಿದ್ದಳು. ನಾನು ಉಸಿರು ಎಳೆದುಕೊಳ್ಳುವ ಮುಂಚೆ ಉತ್ತರ ಬಂತು. "ಅಯ್ಯೋ ಪುಣ್ಯಾತ್ಗಿತ್ತಿ," ಎಂದು ಶುರುವಾಗಿತ್ತು.

ಮುಂದಕ್ಕೆ ಓದಲಿಲ್ಲ. ಕೆಂಪು ಅಕ್ಷರವನ್ನು ಒತ್ತಿದೆ. ಖಚಿತಪಡಿಸಲು ಪುಟದ ಹೆಸರನ್ನು ಬರೆಯಿರಿ ಎಂದಿತು. ಒದ್ದೆ ಬೆರಳಿಗೆ ಅಕ್ಷರಗಳು ಜಾರುತ್ತಿದ್ದವು. ಎರಡು ಸಲ ತಪ್ಪಿತು. ಏಪ್ರನ್ನಿಗೆ ಕೈ ಒರೆಸಿಕೊಂಡು ಮೂರನೆಯ ಸಲ ನಿಧಾನವಾಗಿ ಬರೆದೆ: ಬೈಯೋ ಅಕ್ಕ. ಪರದೆ ಬಿಳಿಯಾಯಿತು. ಅಷ್ಟೇ.

ಅತ್ತಿಗೆ ಫೋನನ್ನು ಕಸಿದುಕೊಂಡಳು. "ಕೇಳಿದ್ರೆ ನೀನೇ ಕಿತ್ಕೊಂಡು ಮಾಡಿದೆ ಅಂತ ಹೇಳ್ತೀನಿ."

"ಹೇಳಿ."

"ಇನ್ನು ಅಂಗಡಿ ಕಡೆ ಬರಬೇಡ. ಅವರು ಸುಮ್ಮನಿರಲ್ಲ."

"ಬರಲ್ಲ. ನಿಮ್ಮ ಮುಖ ನೋಡೋಕೆ ನನಗೇನು ಆಸೆ ಇಲ್ಲ."

"ನನಗಂತೂ ಮೊದಲೇ ಇಲ್ಲ," ಎಂದು ಹೇಳಿ, ಹೊದಿಕೆಗಳ ಗುಡ್ಡವನ್ನು ದಾಟಿಕೊಂಡು ಅವಳು ಮೆಟ್ಟಿಲು ಹತ್ತಿದಳು. ಅಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಟ್ಟಿಗೆ ಮಾಡಿದ ಕೆಲಸ ಇದೊಂದೇ.

ಅಣ್ಣ ಫೋನು ಮಾಡಿ ಊದಿಕೊಂಡ ಬಾಯಲ್ಲಿ ಕೂಗಾಡಿದ. ಅರ್ಧ ಮಾತು ಅರ್ಥವಾಗಲಿಲ್ಲ, ಅರ್ಥವಾದದ್ದನ್ನು ಕೇಳಿಸಿಕೊಂಡೆ. ನಾನು ಅವನ ಪಾಲಿಗೆ ಸತ್ತ ಹಾಗೆ ಎಂದ. ಆಗಲಿ ಎಂದೆ. ಆ ದಿನ ಸಾಯುವ ಸರದಿಯಲ್ಲಿ ನನ್ನದೇನೂ ಮೊದಲಲ್ಲ.

ಜನ ಅತ್ತರು. ಹಳೆಯ ಜಾಗದಲ್ಲೂ ಅತ್ತರು, ಹೊಸ ಜಾಗಕ್ಕೂ ಬಂದು ಅತ್ತರು. ಅಕ್ಕ ಎಲ್ಲಿ ಹೋದಳು, ಅಕ್ಕನಿಗೆ ಏನಾಯಿತು, ತೀರಿಕೊಂಡಳಂತೆ ಎಂದು ಯಾರೋ ಹೇಳಿದರು, ಎಂಥ ಬಾಯಿ, ಎಂಥ ಮನಸ್ಸು. ನಾನು ಇದ್ದಾಗ ಒಂದು ದಿನವೂ ಇಷ್ಟು ಒಳ್ಳೆಯ ಮಾತಾಡದವರು ಈಗ ಪುಟಗಟ್ಟಲೆ ಬರೆದರು. ಓದುತ್ತಾ ಕೂತೆ. ಸಿಟ್ಟು ಬಂತು, ಅಳುವೂ ಬಂತು. ಒಂದೆರಡು ಕಡೆ ನಗುವೂ ಬಂತು, ಯಾಕೆಂದರೆ ಅವರು ಪ್ರೀತಿಯಿಂದ ನೆನೆಸಿಕೊಂಡ ಬೈಗುಳಗಳಲ್ಲಿ ಅರ್ಧಕ್ಕರ್ಧ ನನ್ನವಲ್ಲ.

ಲಾರಿಯವನು ನನ್ನ ಹೊಸ ಪುಟಕ್ಕೆ ಬಂದ.

"ಈಗ ಸಮಾಧಾನ ಆಯ್ತಾ? ನಿಜವಾದ ಅಕ್ಕ ಹೋದ್ಲು. ಇನ್ನು ನಿನ್ನ ಅಂಗಡಿ ಚೆನ್ನಾಗಿ ನಡೆಯುತ್ತೆ ಅಲ್ವಾ, ನಕಲಿ?"

ಬೆರಳು ತಾನಾಗಿಯೇ ಓಡಿತು. ನಾನೇ ಕಣೋ ಅವಳು, ನಿನ್ನ ನೀಲಿ ಚೌಕಳಿ ಅಂಗಿಯ ಕಾಲರು ಎಲ್ಲಿ ಹರಿದಿದೆ ಅಂತ ಹೇಳಲಾ, ನಿನ್ನ ಹೆಂಡತಿ ಜಗಳ ಆಡಿ ತವರಿಗೆ ಹೋದಾಗ ಅಂಗಿ ಒಗೆಯುವುದು ಹೇಗೆ ಎಂದು ಇನ್‌ಬಾಕ್ಸಿನಲ್ಲಿ ಕೂತು ಹೇಳಿಕೊಟ್ಟವರು ಯಾರು? ಎಲ್ಲ ಬರೆದೆ. ಒತ್ತಿದರೆ ಸಾಕು, ಅವನು ನಂಬಲೇಬೇಕು. ಇನ್‌ಬಾಕ್ಸಿನ ಮಾತು ಯಂತ್ರಕ್ಕೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅವನದೇ ಇನ್ನೊಂದು ಸಾಲು ಬಂತು. ಬೈದು ಮುಗಿಸಿದ ಮೇಲೆ ಹೊಸಿಲ ಮೇಲೆ ನಿಂತು ಹೋಗಲೂ ಆಗದೆ ಹಿಂಜರಿಯುವವನ ದನಿ ಅದರಲ್ಲಿತ್ತು.

"ಮಗಳ ಶಾಲೆ ಕೋಟಿಗೆ ಡೀಸೆಲ್ ಬಿದ್ದಿದೆ. ನಾಳೆ ಹಾಕ್ಕೊಂಡು ಹೋಗ್ಬೇಕು. ಅಕ್ಕ ಇದ್ದಿದ್ರೆ ಅವಳನ್ನ ಕೇಳ್ತಿದ್ದೆ."

ಬರೆದದ್ದನ್ನೆಲ್ಲ ನೋಡಿದೆ. ಅವನಿಗೆ ಅವನ ಅಕ್ಕ ಬೇಕಾಗಿದ್ದಳು, ನನಗೆ ನನ್ನ ಹೆಸರು ಬೇಕಾಗಿತ್ತು. ಅವೆರಡೂ ಆ ಬಿಳಿ ಪರದೆಯೊಳಗೆ ಹೋಗಿದ್ದವು, ನಾನೇ ಕಳಿಸಿದ್ದೆ. ಇಲ್ಲಿ ಉಳಿದದ್ದು ಒಂದು ಕೋಟು, ಅದನ್ನು ನಾಳೆ ಹಾಕಿಕೊಳ್ಳಬೇಕಾದ ಒಂದು ಹುಡುಗಿ. ಅವನನ್ನು ಹಿಡಿದು ಅಲ್ಲಾಡಿಸಬೇಕು ಅನ್ನುವಷ್ಟು ಸಿಟ್ಟಿತ್ತು. ಬರೆದದ್ದನ್ನು ಒಂದೊಂದೇ ಅಕ್ಷರ ಅಳಿಸಿದೆ.

"ಹೌದು, ನಾನು ನಕಲಿನೇ," ಎಂದು ಬರೆದೆ. "ಕೋಟಿನ ಫೋಟೊ ಕಳಿಸು. ಮನೇಲಿ ಏನು ಹಚ್ಚಿದೆ, ಅದನ್ನ ಹೇಳು. ಬಟ್ಟೆ ಉಣ್ಣೇದಾ, ಹತ್ತೀದಾ? ಒಲೆ ಹತ್ತಿರ ಇಟ್ಟಿದ್ರೆ ಮೊದಲು ಅಲ್ಲಿಂದ ಎತ್ತು."